ಎಂಬತ್ತೈದನೆಯ ಪುಟ

ಎಡಗಡೆಯ ಎಂಬತ್ನಾಲ್ಕನೆಯ ಪುಟದ ಫೋಟೊ ತೆಗೆದು, ಮೊಬೈಲ್ ಸ್ಟ್ಯಾಂಡನ್ನು ಬಲಕ್ಕೆ ಸರಿಸಿದಾಗ ವೀಣಾಳ ಕಣ್ಣಿಗೆ ಬಿದ್ದದ್ದು ಅವಳದೇ ಹೆಸರು. ಅಲ್ಲಿಯವರೆಗೆ ಅವಳು ಆ ನೋಟ್‌ಬುಕ್ಕಿನ ಒಂದಕ್ಷರವನ್ನೂ ಓದಿರಲಿಲ್ಲ. ಹಾಳೆಯ ಅಂಚು ನೆಟ್ಟಗಿದೆಯೇ, ಬೆರಳಿನ ನೆರಳು ಬಿದ್ದಿದೆಯೇ, ಪುಟದ ಸಂಖ್ಯೆ ಕಾಣುತ್ತದೆಯೇ ಎಂದಷ್ಟೇ ನೋಡಿ ಗುಂಡಿ ಒತ್ತುತ್ತಾ ಬಂದಿದ್ದಳು. ಗೋಡೆ ಗಡಿಯಾರದಲ್ಲಿ ನಾಲ್ಕೂ ಕಾಲು. ಐದು ಗಂಟೆಯೊಳಗೆ ಪುಸ್ತಕ ಕಂಪ್ಯೂಟರು ಸೇರಿ, ಪಟ್ಟಿ ಮೇಲಿನವರಿಗೆ ಹೋಗಬೇಕಿತ್ತು.

ವೀಣಾ ಊರಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಹಾರಂಗಿ ಹಿನ್ನೀರಿಗೆ ಮೂರು ಮೈಲಿ ದೂರದ ಆ ಊರಿನಲ್ಲಿ ಪಂಚಾಯಿತಿ ಕಟ್ಟಡದ ಕೊನೆಯ ಕೋಣೆಯೇ ಗ್ರಂಥಾಲಯ. ಮರದ ಕಪಾಟಿನಲ್ಲಿದ್ದ ಪುಸ್ತಕಗಳು ನಾನೂರು ದಾಟುವುದಿಲ್ಲ, ಅದರಲ್ಲೂ ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು. ಆದರೆ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಪುಸ್ತಕಗಳಿದ್ದವು, ಎಲ್ಲವೂ ಪುಕ್ಕಟೆ. ಹಕ್ಕಿನ ಅವಧಿ ಮುಗಿದ ಹಳೆಯ ಪುಸ್ತಕಗಳು, ಮಕ್ಕಳ ಚಿತ್ರಕಥೆಗಳು, ಶುಂಠಿ ಬೇಸಾಯದ ಕೈಪಿಡಿಗಳು, ಪೊಲೀಸ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಎಲ್ಲೆಲ್ಲಿ ಉಚಿತ ಎಂದು ಬರೆದಿದೆಯೋ ಅಲ್ಲೆಲ್ಲ ನುಗ್ಗಿ ಮೂರು ವರ್ಷದಿಂದ ಇಳಿಸಿಕೊಂಡಿದ್ದಳು. ಸುಮ್ಮನೆ ಗುಡ್ಡೆ ಹಾಕಿದವಳೂ ಅಲ್ಲ. ಒಂದೇ ಪುಸ್ತಕ ಮೂರು ಹೆಸರಿನಲ್ಲಿ ಬಂದು ಕೂತಿದ್ದರೆ ಹುಡುಕಿ ಎರಡನ್ನು ತೆಗೆದಿದ್ದಳು. ತಲೆಕೆಳಗಾದ ಪುಟಗಳನ್ನು ನೆಟ್ಟಗೆ ಮಾಡಿದ್ದಳು. ಬರೆದವರ ಹೆಸರು, ಅಚ್ಚಾದ ವರ್ಷ, ವಿಭಾಗ ಎಲ್ಲ ಹಾಕಿ ಹತ್ತೊಂಬತ್ತು ಕಡತ ಮಾಡಿ, ಮೊಬೈಲು ಹಿಡಿದರೆ ತೆರೆದುಕೊಳ್ಳುವ ಕೋಡಿನ ಚೀಟಿಯನ್ನು ಡೇರಿಯ ಗೋಡೆಗೂ ಬಸ್‌ಸ್ಟಾಪಿನ ಕಂಬಕ್ಕೂ ಅಂಟಿಸಿದ್ದಳು. ಓದುವುದೊಂದನ್ನು ಬಿಟ್ಟು ಪುಸ್ತಕಕ್ಕೆ ಮಾಡಬಹುದಾದ ಉಪಚಾರವನ್ನೆಲ್ಲ ಮಾಡಿದ್ದಳು. ಎಷ್ಟು ಪುಸ್ತಕ ಆಯಿತು ಎಂದು ಕೇಳುವವರಿದ್ದರೇ ಹೊರತು, ಯಾವುದು ಚೆನ್ನಾಗಿದೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಈ ಸಲ ತಾಲ್ಲೂಕಿಗೆ ಒಂದು ಒಳ್ಳೆಯ ಡಿಜಿಟಲ್ ಗ್ರಂಥಾಲಯ ಆರಿಸುತ್ತಾರೆಂದು ಸುದ್ದಿ ಬಂದಾಗಿನಿಂದ ಪಿಡಿಒ ಅಶ್ವಥ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಷರತ್ತು ಒಂದೇ. ಊರಿನವರೇ ಬರೆದ ಪುಸ್ತಕ ಒಂದಾದರೂ ಇರಬೇಕು, ನೂರು ಪುಟಕ್ಕೆ ಕಡಿಮೆ ಇರಬಾರದು. ಆ ಊರಿನಲ್ಲಿ ಬರೆಯುವವರೆಂದರೆ ಸೊಸೈಟಿಯ ಕಾರ್ಯದರ್ಶಿ, ಅವರು ಬರೆಯುವುದು ನೋಟಿಸು. ಆಗ ವೀಣಾಳಿಗೆ ನೆನಪಾದದ್ದು ಶಕುಂತಲಮ್ಮ. ಶನಿವಾರಸಂತೆ ಕಡೆಯಿಂದ ಸೊಸೆಯಾಗಿ ಬಂದು ನಲವತ್ತೈದು ವರ್ಷದಿಂದ ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡಿದವರು. ಅದರಲ್ಲೂ ಬೀಗರ ಹಾಡು ಅವರ ಬಾಯಲ್ಲೇ ಕೇಳಬೇಕು. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಂಗಿಸಿ ಹಾಡುವುದು ಶಾಸ್ತ್ರ. ಬೀಗರ ಹೊಟ್ಟೆಬಾಕತನ, ಬೀಗತಿಯ ಜಂಬ, ಮದುಮಗನ ಮೀಸೆ ಯಾವುದನ್ನೂ ಬಿಡದೆ ಆಯಾ ಮನೆಗೆ ತಕ್ಕ ಹಾಗೆ ಅಲ್ಲಿಂದಲ್ಲೇ ಪದ ಕಟ್ಟುತ್ತಿದ್ದರು. ಹಂಗಿಸಿಕೊಂಡವರೇ ನಗುತ್ತಾ ನಗುತ್ತಾ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಶಕುಂತಲಮ್ಮನ ಹಾಡಿನಿಂದ ಯಾರಾದರೂ ಮುನಿಸಿಕೊಂಡು ಎದ್ದುಹೋದದ್ದು ಇಲ್ಲ.

ನೋಟ್‌ಬುಕ್ಕನ್ನು ಅವರು ಹಿಂದಿನ ದಿನ ತಾವೇ ತಂದುಕೊಟ್ಟಿದ್ದರು. "ಮುಂದ್ಲಿಂದ ಹಾಡವೆ ಕಣವ್ವ, ನಮ್ಮ ಸೊಸೇರು ಕಲ್ತ್ಕಳ್ಳಿ. ಹಿಂದ್ಲುದು ನಾನು ಗುರುತಿಗೆ ಅಂತ ಬರ್ಕಂಡಿರದು, ಅದ್ನ ಮುಟ್‌ಬ್ಯಾಡ" ಅಂದಿದ್ದರು. ಆ ಹೊತ್ತಿಗೆ ವೀಣಾಳ ಕಿವಿಯಲ್ಲಿ ಅಶ್ವಥ್ ಫೋನು ಮಾಡಿ ಮಾತಾಡುತ್ತಿದ್ದರು. ಇಬ್ಬರಿಗೂ ಸೇರಿಸಿ ಅವಳು "ಆಯ್ತು, ಆಯ್ತು" ಅಂದಿದ್ದಳು. ಇವತ್ತು ನೋಡಿದರೆ ಹಾಡುಗಳು ಅರವತ್ನಾಲ್ಕನೆಯ ಪುಟಕ್ಕೇ ಮುಗಿದುಹೋಗಿದ್ದವು. ಹಿಂದಿನ ನಲವತ್ತೆಂಟು ಪುಟಗಳನ್ನೂ ಸೇರಿಸಿದರೆ ನೂರ ಹನ್ನೆರಡು. ಅಕ್ಷರ ಅದೇ ದುಂಡನೆಯ ಅಕ್ಷರ, ಗುರುತಿಗೆ ಬರೆದುಕೊಂಡದ್ದೂ ಹಾಡೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಅವಳು ಮುಂದುವರಿದಿದ್ದಳು.

ಎಂಬತ್ತೈದನೆಯ ಪುಟದಲ್ಲಿ ಹೀಗಿತ್ತು: "ಸುನಿಲನ ಮನೆ. ವೀಣಾ. ಗಂಡನ ಹಾಡು ಬೇಡ. ಅವನು ಹುದಿಕೇರಿ ಎಸ್ಟೇಟಿನಲ್ಲಿ ರೈಟರು, ಅಲ್ಲೇ ಇನ್ನೊಂದು ಸಂಸಾರ ಇಟ್ಟಿದ್ದಾನೆ, ಗಂಡು ಮಗು ಐತೆ. ರಜ ಸಿಗಲ್ಲ ಅಂತ ಇವಳು ಹೇಳಿಕೊಂಡು ತಿರುಗುತ್ತಾಳೆ. ಪಾಪದ ಹುಡುಗಿ. ಹೆಸರು ಹೇಳಿಸುವಾಗ ಇವಳನ್ನು ಕರೆಯಬೇಡ."

ವೀಣಾಳ ಕಿವಿ ಬೆಂಕಿಯಾಯಿತು. ಆರು ವರ್ಷದಿಂದ ಅವಳು ಒಂದೊಂದು ಕಾಲಕ್ಕೂ ಒಂದೊಂದು ಸಬೂಬು ಹೊಂದಿಸಿ ಇಟ್ಟುಕೊಂಡಿದ್ದಳು. ಡಿಸೆಂಬರಿನಲ್ಲಿ ಕಾಫಿ ಪಿಕ್ಕಿಂಗು, ಆಳುಗಳ ಲೆಕ್ಕ ಬರೆಯುವ ರೈಟರಿಗೆ ರಜ ಕೊಡುವುದಿಲ್ಲ. ಮಾರ್ಚಿನಲ್ಲಿ ಗಿಡಗಳಿಗೆ ನೀರು ಹೊಡೆಸಬೇಕು. ಜೂನಿನಲ್ಲಿ ಮಳೆ, ಬಸ್ಸಿಲ್ಲ. ಮಗಳೂ ಅದನ್ನೇ ನಂಬಿದ್ದಳು, ಊರೂ ನಂಬಿದೆ ಎಂದು ಇವಳು ನಂಬಿದ್ದಳು. ಎರಡು ವರ್ಷದ ಹಿಂದೆ ಡೇರಿ ಅಧ್ಯಕ್ಷರ ಮಗಳ ಮದುವೆಯಲ್ಲಿ, ಮುತ್ತೈದೆಯರೆಲ್ಲ ಗಂಡನ ಹೆಸರು ಸೇರಿಸಿ ಪದ ಹೇಳುವ ಶಾಸ್ತ್ರದಲ್ಲಿ, ಶಕುಂತಲಮ್ಮ ಸಾಲಿನಲ್ಲಿದ್ದ ಎಲ್ಲರನ್ನೂ ಕರೆದು ಇವಳನ್ನೊಬ್ಬಳನ್ನು ದಾಟಿ ಮುಂದಕ್ಕೆ ಹೋಗಿದ್ದರು. ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂದು ವೀಣಾ ಮೂರು ತಿಂಗಳು ಅವರೊಂದಿಗೆ ಮಾತು ಬಿಟ್ಟಿದ್ದಳು. ಈಗ ಆ ಮೂರು ತಿಂಗಳು ನೆನೆದು ಅವಳಿಗೆ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು.

ಫೋನು ಬಂತು. "ಏನ್ರೀ ವೀಣಾ, ಆಯ್ತಾ? ನಾನಿಲ್ಲಿ ಮೀಟಿಂಗಲ್ಲಿ ನಮ್ದು ರೆಡಿ ಅಂತ ಹೇಳ್ಬಿಟ್ಟಿದೀನಿ" ಅಂದರು ಅಶ್ವಥ್.

"ಇನ್ನೇನು ಸಾರ್, ಅರ್ಧ ಗಂಟೆ."

ಉಳಿದ ಪುಟಗಳ ಫೋಟೊಗಳನ್ನು ಅವಳು ಕಣ್ಣು ಅರ್ಧ ಮುಚ್ಚಿಕೊಂಡಂತೆಯೇ ತೆಗೆದಳು. ಅವುಗಳಲ್ಲೂ ಹೀಗೇ ಏನಾದರೂ ಇದ್ದೀತೇ ಎಂಬ ಪ್ರಶ್ನೆ ಬರಲಿಲ್ಲ ಎಂದರೆ ಸುಳ್ಳು. ಬಂತು, ಬಾಗಿಲ ತನಕ ಬಂದು ನಿಂತಿತು. ಅವಳು ಓದಲಿಲ್ಲ. ಓದಿದರೆ ಹಾಕಲಾಗುತ್ತಿರಲಿಲ್ಲ, ಅಷ್ಟು ಅವಳಿಗೆ ಗೊತ್ತಿತ್ತು. ಮೊಬೈಲಿನಲ್ಲಿ ನೂರ ಹನ್ನೆರಡು ಪುಟ್ಟ ಚಿತ್ರಗಳು ಸಾಲಾಗಿ ಕೂತಿದ್ದವು. ಎಂಬತ್ತೈದನೆಯದನ್ನು ಮುಟ್ಟಿದಳು. ಅಳಿಸಬೇಕೇ ಎಂದು ಕೇಳಿತು, ಹೌದು ಅಂದಳು. ಉಳಿದ ನೂರ ಹನ್ನೊಂದನ್ನು ಒಟ್ಟು ಕಟ್ಟಿ, "ಶಕುಂತಲಮ್ಮನ ಸೋಬಾನೆ ಪದಗಳು" ಎಂದು ಹೆಸರಿಟ್ಟು, ಜನಪದ ವಿಭಾಗಕ್ಕೆ ಸೇರಿಸಿ, ಊರಿನ ವಾಟ್ಸಾಪ್ ಗುಂಪಿಗೂ ಲಿಂಕು ಹಾಕಿದಳು. ಐದಕ್ಕೆ ಇನ್ನೂ ಎಂಟು ನಿಮಿಷ ಇತ್ತು.

ನಾಲ್ಕು ದಿನದಲ್ಲಿ ಆ ಪುಸ್ತಕವನ್ನು ಮುನ್ನೂರ ಎಂಬತ್ತು ಸಲ ಜನ ಇಳಿಸಿಕೊಂಡರು. ಗ್ರಂಥಾಲಯ ಹುಟ್ಟಿದಾಗಿನಿಂದ ಯಾವ ಪುಸ್ತಕಕ್ಕೂ ಮೂವತ್ತು ದಾಟಿರಲಿಲ್ಲ. "ಜನಕ್ಕೆ ಜನಪದ ಅಂದ್ರೆ ಎಷ್ಟು ಪ್ರೀತಿ ನೋಡ್ರೀ!" ಎಂದು ಅಶ್ವಥ್ ಕುರ್ಚಿಯಿಂದ ಎದ್ದೇ ಬಿಟ್ಟರು. ಅವರೂ ಪುಸ್ತಕ ತೆರೆದಿರಲಿಲ್ಲ. ವೀಣಾಳಿಗೂ ಆ ಮುನ್ನೂರ ಎಂಬತ್ತನ್ನು ನೋಡಿ ಖುಷಿಯಾಯಿತು. ದಿನಕ್ಕೆ ಹತ್ತು ಸಲ ತೆರೆದು ಆ ಸಂಖ್ಯೆ ನೋಡಿದಳು.

ಐದನೆಯ ದಿನ ಬೆಳಗ್ಗೆ ಪಂಚಾಯಿತಿಯ ಕಸ ಗುಡಿಸುವ ಮುತ್ತಿ, ಪೊರಕೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದಳು. ಯಾವತ್ತೂ ಆ ಕೋಣೆಯಲ್ಲಿ ಅವಳು ಕೂತವಳಲ್ಲ. ಇವತ್ತು ಬೆಂಚಿನ ತುದಿಯಲ್ಲಿ ಕೂತಳು.

"ಅವ್ವ, ಆ ಬುಕ್ಕಲ್ಲಿ ನಂದೂ ಬರ್ದವ್ರಂತೆ. ಡೇರಿ ಹತ್ರ ಹೋದ್ರೆ ಎಲ್ಲಾ ನನ್ನ ಮೊಕ ನೋಡಿ ಸುಮ್ನಾಯ್ತರೆ. ಏನ್ ಬರ್ದದೆ, ಒಸಿ ಓದು."

"ಏನಿಲ್ಲ ಬಿಡು ಮುತ್ತಿ, ಎಲ್ಲಾ ಹಾಡು."

"ಓದವ್ವ. ಊರಿಗೆಲ್ಲಾ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ."

ವೀಣಾ ಹುಡುಕಿದಳು. ಎಪ್ಪತ್ತೊಂದನೆಯ ಪುಟ. "ಮುತ್ತಿ. ಸೀಮಂತದಲ್ಲಿ ಇವಳಿದ್ದರೆ ತೊಟ್ಟಿಲ ಹಾಡು ಬೇಡ. ಮೂರು ಕೂಸು ಮಣ್ಣು ಮಾಡಿದ್ದಾಳೆ. ಕಡೆಯದಕ್ಕೆ ಚಿನ್ನು ಅಂತ ಹೆಸರಿಟ್ಟಿದ್ದಳು. ಆ ಹೆಸರು ಯಾವ ಪದದಲ್ಲೂ ಬರಬಾರದು." ಓದುತ್ತಾ ಓದುತ್ತಾ ಅವಳ ದನಿ ಕೆಳಗಿಳಿಯಿತು, ಕೊನೆಯ ಸಾಲು ತುಟಿಯಲ್ಲೇ ಉಳಿಯಿತು. ಮುತ್ತಿಗೆ ಅದೂ ಕೇಳಿಸಿತು.

"ಅದ್ಕೇ ಆವತ್ತು ಲಿಂಗಮ್ಮನ ಮನೆ ಸೀಮಂತ್ದಲ್ಲಿ ನಾನು ಹೋಗಿ ಕೂತ ತಕ್ಷಣ ಹಾಡ ಅರ್ಧಕ್ಕೆ ನಿಲ್ಸುದ್ಲು ಆಯಮ್ಮ" ಅಂದಳು ಮುತ್ತಿ. "ಈಗ ಡೇರಿ ಹುಡ್ಗುರೆಲ್ಲಾ ಚಿನ್ನು ಚಿನ್ನು ಅಂತವೆ. ನಾನು ಯಾರ್ದೋ ನಾಯಿಮರಿ ಹೆಸ್ರು ಅನ್ಕಂಡಿದ್ದೆ." ಎದ್ದು ಪೊರಕೆ ತೆಗೆದುಕೊಂಡು ಹೊರಟಳು.

ವೀಣಾ ಬಾಗಿಲು ಹಾಕಿಕೊಂಡು ಹಿಂದಿನ ಪುಟಗಳನ್ನೆಲ್ಲ ಓದಿದಳು. ನಾಲ್ಕು ಸಾವಿರ ಪುಸ್ತಕಗಳ ಒಡತಿ ಮೂರು ವರ್ಷದಲ್ಲಿ ಒಂದೇ ಕೂತಿನಲ್ಲಿ ಓದಿ ಮುಗಿಸಿದ ಮೊದಲ ಬರಹ ಅದು. ಒಂದು ಮನೆಗೆ ಒಂದು ಪುಟ. ಈ ಮನೆಯಲ್ಲಿ ಬಂಗಾರದ ಮಾತು ಬೇಡ, ಅಡವಿಟ್ಟದ್ದು ಬಿಡಿಸಿಲ್ಲ. ಇಲ್ಲಿ ಅಣ್ಣ ತಮ್ಮ ಅನ್ನಬೇಡ, ಕೋರ್ಟಿನಲ್ಲಿದ್ದಾರೆ. ಈ ಹುಡುಗನ ಬಣ್ಣ ಎತ್ತಬೇಡ, ಅವನ ತಾಯಿಯನ್ನು ಆ ಮಾತಿನಿಂದಲೇ ಅತ್ತೆ ಅಳಿಸುತ್ತಿದ್ದಳು. ಹಂಗಿಸುವ ಹಾಡು ಹಾಡುವವಳಿಗೆ ಯಾರಿಗೆ ಎಲ್ಲಿ ಹುಣ್ಣಿದೆ ಎಂದು ಗೊತ್ತಿರಬೇಕು, ಕೈ ತಪ್ಪಿಯೂ ಅಲ್ಲಿಗೆ ಹೋಗಬಾರದು. ಅದಕ್ಕೆಂದು ನಲವತ್ತೈದು ವರ್ಷ ಒಬ್ಬ ಹೆಂಗಸು ಗುಟ್ಟಾಗಿ ಬರೆದಿಟ್ಟುಕೊಂಡದ್ದನ್ನು ಇವಳು ಕೋಡು ಹಾಕಿ ಕಂಬಕ್ಕೆ ಅಂಟಿಸಿದ್ದಳು. ವೀಣಾ ನಾಚಿಕೆಯಿಂದ ಮೇಜಿನ ಮೇಲೆ ಹಣೆ ಇಟ್ಟು ಕೂತಳು.

ತೊಂಬತ್ತಮೂರನೆಯ ಪುಟವನ್ನಂತೂ ಅವಳು ಎರಡು ಸಲ ಓದಿದ್ದಳು. "ಸಣ್ಣಸ್ವಾಮಿ ಮನೆ. ಲಿಂಗಮ್ಮನ ಮಗಳು ಕಾವ್ಯಶ್ರೀಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಹತ್ತು ವರ್ಷದಿಂದ ಇಲ್ಲ. ಇವಳ ಮದುವೆಯಲ್ಲಿ ಬೀಳುವುದು, ಉರುಳುವುದು, ನಡುಗುವುದು ಇಂಥ ಮಾತು ಹಾಡಿನಲ್ಲಿ ತರಬೇಡ." ಕಾವ್ಯಶ್ರೀಗೆ ಕೊಡ್ಲಿಪೇಟೆ ಕಡೆಯ ತೇಜಸ್ ಎಂಬ ಹುಡುಗನೊಂದಿಗೆ ನಿಶ್ಚಿತಾರ್ಥ ಆಗಿತ್ತು. ಬರುವ ತಿಂಗಳು ಮದುವೆ. ಲಗ್ನಪತ್ರಿಕೆ ಗ್ರಂಥಾಲಯದ ಮೇಜಿನ ಮೇಲೂ ಒಂದು ಬಿದ್ದಿತ್ತು.

ಆಗಲೇ ಅವಳು ಪುಸ್ತಕವನ್ನು ಕಂಪ್ಯೂಟರಿನಿಂದ ತೆಗೆದಳು. ತೆಗೆದು ಏನು ಬಂತು? ಮುನ್ನೂರ ಎಂಬತ್ತು ಮೊಬೈಲುಗಳಿಗೆ ಹೋಗಿ ಅಳಿಸಿ ಬರಲಾಗುತ್ತದೆಯೇ?

ಅವತ್ತು ಸಂಜೆ ನಾಲ್ಕರ ಹೊತ್ತಿಗೆ ಚೇತನ್‌ಕುಮಾರನ ಅಂಗಡಿಯ ಮುಂದೆ ಜನ ಸೇರಿತ್ತು. ಚೇತನ್ ಶಕುಂತಲಮ್ಮನ ಮಗ. ಅಂಗಡಿಯ ಹಿಂದೆಯೇ ಮನೆ. ಸಂಜೆಯ ಹೊತ್ತು ಶಕುಂತಲಮ್ಮ ಅಂಗಡಿ ಬಾಗಿಲ ಕಟ್ಟೆಯ ಮೇಲೆ ಕೂತು ಹೋಗುವವರನ್ನೆಲ್ಲ ಮಾತಾಡಿಸುವುದು ರೂಢಿ. ಲಿಂಗಮ್ಮ ಅವರ ಎದುರಿಗೆ ಸೆರಗು ಬಿಗಿದು ನಿಂತಿದ್ದಳು.

"ನಮ್ಮನೇಲಿ ಉಂಡು, ನಾವು ಕೊಟ್ಟ ಸೀರೆ ಉಟ್ಟು, ನಮ್ಮ ಮಗಳ ಬದುಕಿಗೇ ಮಣ್ಣು ಹಾಕ್ದಲ್ಲ ಶಕುಂತಲಕ್ಕ! ಗಂಡಿನ ಕಡೇರು ಫೋನು ಮಾಡವ್ರೆ. ಕೂತು ಮಾತಾಡ್ಬೇಕು ಅಂತವ್ರೆ. ಇನ್ನೇನು ಮಾತಾಡದು? ಮುರ್ದು ಹೋಗಕ್ಕೆ ಬತ್ತವ್ರೆ!"

"ಲಿಂಗೂ, ನಾನು ಊರಿಗೆ ಓದಕ್ಕೆ ಬರ್ದಿದ್ದಲ್ಲ ಕಣೆ..."

"ಮತ್ಯಾರಿಗೆ ಬರ್ದೆ? ಪೂಜೆ ಮಾಡಕ್ಕೆ ಬರ್ದ್ಯಾ? ಮನೆ ಮನೆ ಹೊಲ್ಸು ಹೆಕ್ಕಿ ಹೆಕ್ಕಿ ಬರ್ದಿಟ್ಟಿದೀಯಲ್ಲ, ನಿನ್ನ ಕೈ ಸೇದೋಗ!"

ವೀಣಾ ರಸ್ತೆಯ ಈಚೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ದಾಟಬೇಕಾದದ್ದು ಹತ್ತು ಹೆಜ್ಜೆ. ಅವರು ಮುಟ್ಟಬೇಡ ಅಂದಿದ್ದರು, ಮುಟ್ಟಿದವಳು ನಾನು ಎಂದು ಹೇಳಬೇಕಾದದ್ದು ಒಂದೇ ಮಾತು. ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದಿದ್ದ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಲೈಬ್ರರಿ ಮೇಡಮ್ದು ಒಂದು ಬರ್ದಿಲ್ಲ ನೋಡು. ಅವ್ರ ಸಂಸಾರದಲ್ಲಿ ಏನು ಹುಳುಕೈತೆ, ಬರಿಯಕ್ಕೆ?" ವೀಣಾಳ ಕಾಲು ಅಲ್ಲೇ ನೆಟ್ಟುಕೊಂಡಿತು. ಬಸ್ಸು ಬಂತು. ಹೋಗಬೇಕಾದ ಕೆಲಸ ಯಾವುದೂ ಇಲ್ಲದಿದ್ದರೂ ಅವಳು ಹತ್ತಿ ಕುಶಾಲನಗರಕ್ಕೆ ಹೋಗಿ, ಅರ್ಧ ಕೆಜಿ ಈರುಳ್ಳಿ ಕೊಂಡು ಅದೇ ಬಸ್ಸಿನಲ್ಲಿ ವಾಪಸು ಬಂದಳು. ದಾರಿಯುದ್ದಕ್ಕೂ ತನ್ನ ಮುಖ ತನಗೇ ಕಾಣಬಾರದೆಂದು ಕಿಟಕಿಯ ಗಾಜಿನ ಕಡೆ ತಿರುಗಲಿಲ್ಲ.

ಮಾರನೆಯ ಬೆಳಗ್ಗೆ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಶಕುಂತಲಮ್ಮನ ಮನೆಗೆ ಹೋದಳು. ಸೊಸೆ ವಿನುತಾ ಬಾಗಿಲು ತೆಗೆದು, ಬನ್ನಿ ಅನ್ನದೆ ಪಕ್ಕಕ್ಕೆ ಸರಿದಳು. ಶಕುಂತಲಮ್ಮ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ರಾತ್ರಿಯಿಂದ ಊಟ ಮಾಡಿಲ್ಲ ಎಂದು ವಿನುತಾ ಹೇಳಿದಳು. ಹೇಳಿದ್ದು ಅತ್ತೆಯ ಕಾಳಜಿಗೋ ಇವಳ ಮೇಲಿನ ಸಿಟ್ಟಿಗೋ ತಿಳಿಯಲಿಲ್ಲ, ಎರಡೂ ಇದ್ದೀತು.

"ದೊಡ್ಡಮ್ಮ, ತಪ್ಪಾಯ್ತು" ಅಂದಳು ವೀಣಾ. "ನೂರು ಪುಟ ಆಗ್ಬೇಕು ಅಂತ ಇತ್ತು. ಅದ್ಕೆ ಹಿಂದಿಂದೂ ಸೇರಿಸ್ಬಿಟ್ಟೆ."

ಶಕುಂತಲಮ್ಮ ಅವಳ ಕಡೆ ತಿರುಗಿದರು. "ಓದಿ ಹಾಕ್ದ್ಯೋ, ಓದ್ದೆ ಹಾಕ್ದ್ಯೋ?"

"ಓದ್ದೆ ಹಾಕ್ದೆ ದೊಡ್ಡಮ್ಮ."

"ಹಂಗಾದ್ರೆ ನಿಂದೇನು ಅಂತ ತಪ್ಪಿಲ್ಲ ಬಿಡು. ಗೊತ್ತಿಲ್ದೆ ಆಗಿದ್ದು." ಅವರ ಮುಖ ಸ್ವಲ್ಪ ಸಡಿಲವಾಯಿತು. "ಗೊತ್ತಿದ್ದೂ ಯಾರಾದ್ರೂ ಹಾಕ್ತಾರಾ?"

ಬಾಗಿಲಲ್ಲಿ ನಿಂತಿದ್ದ ವಿನುತಾ ತನ್ನ ಮೊಬೈಲಿನಲ್ಲಿ ಪುಟ ಸರಿಸುತ್ತಿದ್ದಳು. "ಅತ್ತೆ, ಇದ್ರಲ್ಲಿ ಎಂಬತ್ನಾಲ್ಕಾದ್ಮೇಲೆ ಎಂಬತ್ತಾರು ಐತೆ. ನಡುವಿಂದು ಒಂದಿಲ್ವಲ್ಲ?"

ಶಕುಂತಲಮ್ಮ ನೋಟ್‌ಬುಕ್ಕು ತೆಗೆದುಕೊಂಡು, ಬೆರಳಿಗೆ ಎಂಜಲು ಮಾಡಿಕೊಂಡು ಹಾಳೆ ತಿರುವಿದರು. ಎಂಬತ್ತೈದನೆಯ ಪುಟವನ್ನು ಕಿಟಕಿಯ ಬೆಳಕಿಗೆ ದೂರ ಹಿಡಿದು ಓದಿದರು. ತಾವೇ ಬರೆದದ್ದನ್ನು ಅಷ್ಟು ನಿಧಾನ ಓದುವುದೇನಿತ್ತು ಎಂದು ವೀಣಾಳಿಗೆ ಅನ್ನಿಸಿತು. ಆಮೇಲೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಹಾಳೆ ಅಂಟ್ಕಂಡಿತ್ತು ಕಣೆ, ಅದ್ಕೆ ಬಿಟ್ಟೋಗದೆ" ಎಂದು ಸೊಸೆಗೆ ಹೇಳಿದರು. "ನೀನೋಗು, ಹಾಲು ಉಕ್ಕುತ್ತದೆ."

ವಿನುತಾ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುವ ತನಕ ಶಕುಂತಲಮ್ಮ ಕಾದರು. ವೀಣಾ ನೆಲ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಗಂಡ ಮಾಡಿದ ಯಾವ ಅವಮಾನವೂ ಅವಳನ್ನು ಇಷ್ಟು ಕುಗ್ಗಿಸಿರಲಿಲ್ಲ.

"ಒಂದು ಪುಟ ಓದಿದ್ಯಾ ಹಂಗಾದ್ರೆ."

ವೀಣಾ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಇನ್ನೊಂದು ಪುಟ ಓದಿದ್ರೆ ಆಗಿತ್ತಲ್ಲವ್ವ" ಅಂದರು ಶಕುಂತಲಮ್ಮ. ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಅವರು ಬೈಯಲಿಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು. ವೀಣಾಳಿಗೆ ಅಳು ಬಂತು. ಅತ್ತರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ತಡೆದುಕೊಂಡಳು.

ಆಮೇಲೆ ಶಕುಂತಲಮ್ಮ ಮಾಡಬೇಕಾದದ್ದನ್ನು ಹೇಳಿದರು. ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡಿದ್ದರು. ನಾಳೆ ಹನ್ನೊಂದಕ್ಕೆ ಗಂಡಿನ ಕಡೆಯವರು ಬರುತ್ತಾರೆ. "ಹುಡುಗಂಗೆ ಕಾವ್ಯ ಮೊದ್ಲೇ ಎಲ್ಲಾ ಹೇಳವ್ಳೆ, ಅವ್ನು ಒಪ್ಪವ್ನೆ. ನಿನ್ನೆ ಹಿತ್ಲಲ್ಲಿ ಬಂದು ನನ್ನ ಹತ್ರ ಅತ್ಲು. ಅಡ್ಡ ನಿಂತಿರೋರು ಅವನ ದೊಡ್ಡಪ್ಪ. ಊರೆಲ್ಲಾ ಓದ್ಬಿಟ್ಟದೆ, ಮರ್ವಾದೆ ಪ್ರಶ್ನೆ ಅಂತವ್ರೆ. ಅವರ ಬಾಯಿಗೆ ಒಂದು ಮಾತು ಬೇಕು ಅಷ್ಟೆ. ನಾನು ಬರ್ದಿದ್ದೆಲ್ಲಾ ಸುಳ್ಳು, ನಂಗೆ ಅರಳು ಮರಳು ಅಂತ ನಾನೇ ಹೇಳ್ತೀನಿ. ನಿನ್ನ ಕೇಳುದ್ರೆ ಹೌದು ಅನ್ನು."

"ದೊಡ್ಡಮ್ಮ, ಹಂಗಂದ್ರೆ ನಾಳೆಯಿಂದ ನಿಮ್ಮನ್ನ ಯಾರೂ ಹಾಡಕ್ಕೆ..."

"ಈಗೇನು ಕರಿತಾರಾ?" ಅಂದರು ಶಕುಂತಲಮ್ಮ.

ಮಾರನೆಯ ದಿನ ಲಿಂಗಮ್ಮನ ಮನೆಯ ಅಂಗಳದ ತುಂಬ ಟಾರ್ಪಾಲು ಹಾಸಿ ಕಾಳುಮೆಣಸು ಹರಡಿತ್ತು. ಜಗಲಿಯ ಮೇಲೆ ಕುರ್ಚಿಗಳಲ್ಲಿ ತೇಜಸ್‌ನ ದೊಡ್ಡಪ್ಪ ಮತ್ತು ಇಬ್ಬರು ನೆಂಟರು ಕೂತಿದ್ದರು. ಲಿಂಗಮ್ಮನ ಗಂಡ ಸಣ್ಣಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. ಕಾವ್ಯಶ್ರೀ ಒಳಬಾಗಿಲ ಹಿಂದಿದ್ದಳು, ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ವೀಣಾಳಿಗೆ ಲಿಂಗಮ್ಮ ಕುರ್ಚಿ ಸರಿಸಿದಳು. ಶಕುಂತಲಮ್ಮನಿಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಅವರು ಜಗಲಿಯ ಮೇಲಿನ ಮೆಟ್ಟಿಲಲ್ಲಿ ನಿಂತೇ ಮಾತಾಡಿದರು.

"ನಾನು ವಯಸ್ಸಾದೋಳು. ಹೊತ್ತು ಹೋಗಲ್ಲ ಅಂತ ಬಾಯಿಗೆ ಬಂದಿದ್ದೆಲ್ಲಾ ಗೀಚ್ತಾ ಕೂತ್ಕಳ್ಳದು. ಯಾವ್ದು ಕಂಡಿದ್ದು, ಯಾವ್ದು ಕಟ್ಟಿದ್ದು ಅಂತ ನಂಗೇ ನೆಪ್ಪಿರಲ್ಲ. ಆ ಮಗಿಗೆ ಏನೂ ಇರ್ಲಿಲ್ಲ. ನಾನು ಬರ್ದಿದ್ದು ಸುಳ್ಳು."

ದೊಡ್ಡಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ವೀಣಾಳ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ನಾನು ಆ ಪುಸ್ತಕ ಪೂರ್ತಿ ನೋಡಿದೀನಿ. ಊರಲ್ಲಿ ನಿಮ್ಮನೆದೊಂದೇ ಬರ್ದಿಲ್ವಂತೆ ಈಯಮ್ಮ. ನಿಮಗೆ ಈಯಮ್ಮನ ಮೇಲೆ ಸಿಟ್ಟೂ ಇರಕ್ಕಿಲ್ಲ, ಮುಲಾಜೂ ಇರಕ್ಕಿಲ್ಲ. ಓದಿದೋರು. ನೀವು ಒಂದು ಮಾತು ಹೇಳುದ್ರೆ ನಾವು ನಂಬ್ತೀವಿ."

ವೀಣಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನನ್ನ ಮನೆಯದೂ ಇದೆ, ಅದು ನಿಜ ಎಂದರೆ ಕಾವ್ಯಶ್ರೀಯದೂ ನಿಜವಾಗಿಬಿಡುತ್ತದೆ. ಆ ಹುಡುಗಿಗಾಗಿ ಸುಳ್ಳು ಹೇಳಲೇಬೇಕಿತ್ತು. ಆದರೆ ಆ ಸುಳ್ಳು ತನಗೂ ಎಷ್ಟು ಅನುಕೂಲವಾಗಿ ಕೂತಿದೆ ಎಂದು ಹೊಳೆದು, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಶಕುಂತಲಮ್ಮ ಅವಳ ಕಡೆ ನೋಡಲೂ ಇಲ್ಲ. ಅಂಗಳದ ಮೆಣಸನ್ನು ನೋಡುತ್ತಿದ್ದರು.

"ಹೌದು ಸಾರ್" ಅಂದಳು ವೀಣಾ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಇತ್ತೀಚೆಗೆ ಅವರಿಗೆ ಬುದ್ಧಿ ಸರಿಯಿಲ್ಲ. ಏನೇನೋ ಬರ್ಕೊಳ್ತಾರೆ. ನಾನು ನೋಡ್ದೆ ಹಾಕ್ಬಿಟ್ಟೆ." ಇಷ್ಟು ಹೇಳೆಂದು ಅವಳನ್ನು ಯಾರೂ ಕೇಳಿರಲಿಲ್ಲ.

ದೊಡ್ಡಪ್ಪ ನೆಂಟರ ಮುಖ ನೋಡಿದರು, ಅವರು ತಲೆಯಾಡಿಸಿದರು. "ಸರಿ, ನಾಲ್ಕು ಜನ ಕೇಳುದ್ರೆ ಹೇಳಕ್ಕೆ ನಮಗೂ ಒಂದು ದಾರಿ ಬೇಕಿತ್ತು" ಅಂದರು. ಲಿಂಗಮ್ಮ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಓಡಿದಳು. ಒಳಗಿನಿಂದ ಕಾವ್ಯಶ್ರೀ ಬಿಕ್ಕಿದ್ದು ಕೇಳಿಸಿತು. ತಟ್ಟೆಯಲ್ಲಿ ಕಾಫಿ ಬಂತು. ನಾಲ್ಕು ಲೋಟ ಗಂಡಿನ ಕಡೆಯವರಿಗೆ ಮತ್ತು ಸಣ್ಣಸ್ವಾಮಿಗೆ, ಒಂದು ವೀಣಾಳಿಗೆ. ಶಕುಂತಲಮ್ಮ ಆಗಲೇ ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತಿದ್ದರು.

"ಕುಡೀರಿ ಮೇಡಂ. ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ" ಅಂದಳು ಲಿಂಗಮ್ಮ. ಸಂತೋಷಕ್ಕೆ ಅವಳ ಮಾತು ನಿಲ್ಲುತ್ತಿರಲಿಲ್ಲ. "ಮದುವೆಗೆ ನಿಮ್ಮ ಯಜಮಾನ್ರನ್ನೂ ಕರ್ಕಂಡೇ ಬರ್ಬೇಕು. ಯಾವ ಕಾರ್ಯದಲ್ಲೂ ಅವ್ರ ಮೊಕನೇ ಕಾಣಲ್ಲ. ಅದ್ಯಾವ ಎಸ್ಟೇಟಪ್ಪ, ಹೆಂಡ್ತಿ ಮಗಳ್ನ ನೋಡಕ್ಕೂ ರಜ ಕೊಡ್ದೇ ಇರದು?"

"ಎಲ್ಲಿ ಕೆಲಸ, ನಿಮ್ಮ ಯಜಮಾನ್ರಿಗೆ?" ದೊಡ್ಡಪ್ಪ ಲೋಟ ಕೆಳಗಿಟ್ಟು ಕೇಳಿದರು. "ದಕ್ಷಿಣ ಕೊಡಗಿನ ಎಸ್ಟೇಟುಗಳೆಲ್ಲಾ ನನಗೆ ಗೊತ್ತು. ಹೆಸ್ರು ಹೇಳಿ, ನಾನೇ ಮ್ಯಾನೇಜರ್ ಹತ್ರ ಮಾತಾಡ್ತೀನಿ."

ಜಗಲಿಯ ಮೇಲಿದ್ದವರೆಲ್ಲ ಅವಳ ಕಡೆ ನೋಡಿದರು. ಲೋಟ ಬೆರಳು ಸುಡುತ್ತಿತ್ತು. ವೀಣಾ ಅದನ್ನು ಇನ್ನೊಂದು ಕೈಗೆ ಬದಲಿಸಿದಳು.

"ಲಿಂಗೂ!"

ಅಂಗಳದಿಂದ ಕೂಗು. ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿದ್ದ ಶಕುಂತಲಮ್ಮ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದರು.

"ಮೋಡ ಎದ್ದದೆ ಕಣೆ, ಹನಿ ಬಿತ್ತು. ಮೆಣಸು ಒಳಕ್ಕೆ ತಗಿ, ಬಿರ್ನೆ!"

ಲಿಂಗಮ್ಮ ತಟ್ಟೆ ಇಟ್ಟು ಧಡಧಡನೆ ಇಳಿದಳು. ಸಣ್ಣಸ್ವಾಮಿ ಟಾರ್ಪಾಲಿನ ಒಂದು ಮೂಲೆ ಹಿಡಿದ. ನೆಂಟರೂ ಕುರ್ಚಿ ಬಿಟ್ಟು ಬಂದರು, ಕಾವ್ಯಶ್ರೀ ಮೊರ ತಂದಳು. ಆ ಗಡಿಬಿಡಿಯಲ್ಲಿ ಶಕುಂತಲಮ್ಮ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಗೇಟು ದಾಟಿದರು.

ಲಿಂಗಮ್ಮ ಬಗ್ಗಿದವಳು ತಲೆಯೆತ್ತಿ ನಾಲ್ಕೂ ದಿಕ್ಕು ನೋಡಿದಳು. ಹಾರಂಗಿ ಕಡೆಯಿಂದ ಬೆಟ್ಟದ ಸಾಲಿನವರೆಗೆ ಆಕಾಶ ತೊಳೆದಿಟ್ಟ ಹಾಗಿತ್ತು.

"ಎಲ್ಲೈತೆ ಮೋಡ?" ಎಂದು ನಕ್ಕುಬಿಟ್ಟಳು. "ನೀವು ಹೇಳಿದ್ದು ದಿಟ ಮೇಡಂ. ಪಾಪ, ಆಯಮ್ಮಂಗೆ ನಿಜ್ವಾಗ್ಲೂ ಬುದ್ಧಿ ಸರಿಯಿಲ್ಲ."

ಎಲ್ಲರೂ ನಕ್ಕು ಟಾರ್ಪಾಲು ಕೈಬಿಟ್ಟು ಜಗಲಿಗೆ ಹತ್ತಿದರು. ವೀಣಾ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟು ಅಂಗಳಕ್ಕಿಳಿದಳು. ಸುಡುವ ಬಿಸಿಲಿನಲ್ಲಿ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಮೆಣಸು ಬಾಚಿ ಬಾಚಿ ಮೊರಕ್ಕೆ ತುಂಬತೊಡಗಿದಳು. "ಬಿಡಿ ಮೇಡಂ, ಮಳೆ ಇಲ್ಲ" ಎಂದು ಲಿಂಗಮ್ಮ ಮೇಲಿನಿಂದ ಎರಡು ಸಲ ಹೇಳಿದಳು.